ಬಳ್ಳಾರಿಯ 533 ಶಾಲೆಗಳು: ಒಂದು ಶೈಕ್ಷಣಿಕ ಸಮೀಕ್ಷೆಯ ಸಿಂಧುತ್ವ

ಧರಂಪಾಲ್ ಅವರ 'ದಿ ಬ್ಯೂಟಿಫುಲ್ ಟ್ರೀ' 1983ರಲ್ಲಿ ಪ್ರಕಟವಾದಂದಿನಿಂದ, ಮದ್ರಾಸ್ ಪ್ರಾಂತದಲ್ಲಿ 1822-25ರ ಅವಧಿಯಲ್ಲಿ ನಡೆದ ಶಾಲಾ ಸಮೀಕ್ಷೆಯ ಅಂಕಿಗಳು ನಮ್ಮ ಶಿಕ್ಷಣಚರಿತ್ರೆಯ ಬರವಣಿಗೆಯಲ್ಲಿ ಧಾರಾಳವಾಗಿ ಬಳಕೆಯಾಗುತ್ತಿವೆ. ಕಂಪನಿ ಆಡಳಿತಕ್ಕೆ ಮುನ್ನ ವಿದ್ಯೆ ವ್ಯಾಪಕವಾಗಿತ್ತೆನ್ನುವವರೂ ಅದು ಕೆಲವರ ಸೊತ್ತಾಗಿತ್ತೆನ್ನುವವರೂ ಇದೇ ಕೋಷ್ಟಕಗಳನ್ನು ಎತ್ತಿ ತೋರಿಸುತ್ತಾರೆ. ಒಂದೇ ದಾಖಲೆ ಎರಡು ವಿರುದ್ಧ ಪಕ್ಷಗಳಿಗೂ ಸಾಕ್ಷಿ ನುಡಿಯುವಾಗ, ಅದು ಏನನ್ನು ಅಳೆಯಲು ಹೊರಟಿತ್ತು, ವಾಸ್ತವವಾಗಿ ಏನನ್ನು ಅಳೆಯಿತು ಎಂಬುದನ್ನು ಮೊದಲು ವಿಚಾರಿಸಬೇಕಾಗುತ್ತದೆ. ಶಿಕ್ಷಣಶಾಸ್ತ್ರಜ್ಞರು ಇದನ್ನು ಸಿಂಧುತ್ವದ ಪ್ರಶ್ನೆಯೆನ್ನುತ್ತಾರೆ. ಹಸ್ತಪ್ರತಿಗಳೊಡನೆ ಕೆಲಸ ಮಾಡಿದವರಿಗೆ ಈ ಪ್ರಶ್ನೆ ಬೇರೆ ಹೆಸರಿನಲ್ಲಿ ಪರಿಚಿತವೇ.

ಗವರ್ನರ್ ಥಾಮಸ್ ಮನ್ರೋ 1822ರ ಜೂನ್ ತಿಂಗಳಲ್ಲಿ ಈ ಸಮೀಕ್ಷೆಗೆ ಆಜ್ಞೆ ಮಾಡಿದನು. ಕಲೆಕ್ಟರುಗಳಿಗೆ ಒಂದು ನಮೂನೆಯನ್ನು ಕಳುಹಿಸಲಾಯಿತು. ಶಾಲೆಗಳೆಷ್ಟು, ಉಚ್ಚ ಪಾಠಶಾಲೆಗಳೆಷ್ಟು, ಓದುವವರಲ್ಲಿ ಯಾವ ಯಾವ ಜಾತಿಯವರೆಷ್ಟು, ಗಂಡೆಷ್ಟು ಹೆಣ್ಣೆಷ್ಟು ಎಂಬುವು ಅದರ ಅಂಕಣಗಳು. ಮನೆಯಲ್ಲಿ ತಂದೆಯಿಂದಲೋ ಖಾಸಗಿ ಗುರುವಿನಿಂದಲೋ ಕಲಿಯುವವರಿಗೆ ಅದರಲ್ಲಿ ಸ್ಥಳವಿರಲಿಲ್ಲ. ಅಂದರೆ ನಮೂನೆ ಎಣಿಸಿದ್ದು ಶಾಲೆಗಳನ್ನು, ಅಕ್ಷರಜ್ಞಾನವನ್ನಲ್ಲ. ಮುಂದಿನ ವಾದಗಳ ಬಹುಪಾಲು ಗೊಂದಲ ಈ ಒಂದು ವ್ಯತ್ಯಾಸವನ್ನು ಮರೆತುದರಿಂದ ಹುಟ್ಟಿದೆ.

ಮನ್ರೋ 1826ರ ಮಾರ್ಚ್ 10ರ ಟಿಪ್ಪಣಿಯಲ್ಲಿ ಮಾಡಿದ ಲೆಕ್ಕಾಚಾರವನ್ನು ಬಿಡಿಸಿ ನೋಡುವುದು ಲಾಭದಾಯಕ. 1,28,50,941 ಜನಸಂಖ್ಯೆಗೆ 12,498 ಶಾಲೆಗಳು, 1,88,650 ವಿದ್ಯಾರ್ಥಿಗಳು. ಐದರಿಂದ ಹತ್ತು ವರ್ಷದ ಗಂಡುಮಕ್ಕಳು ಪುರುಷ ಜನಸಂಖ್ಯೆಯ ಒಂಬತ್ತನೆಯ ಒಂದು ಪಾಲೆಂದು ಹಿಡಿದು, ಅವರ ಸಂಖ್ಯೆ ಸುಮಾರು 7,13,000 ಎಂದನು. ಶಾಲೆಯಲ್ಲಿದ್ದ ಹುಡುಗರು 1,84,110. ಆದುದರಿಂದ ನಾಲ್ವರಲ್ಲಿ ಒಬ್ಬನಿಗೆ ಶಾಲೆ ದೊರೆತಿದೆ. ಆದರೆ ಛೇದದಲ್ಲಿ ಹತ್ತು ವರ್ಷದೊಳಗಿನವರು ಮಾತ್ರ ಇದ್ದಾರೆ. ಅಂಶದಲ್ಲಿ ಅದನ್ನು ಮೀರಿದವರೂ ಸೇರಿದ್ದಾರೆ, ಏಕೆಂದರೆ ಹಲವು ಕಡೆ ಓದು ಹತ್ತನೆಯ ವಯಸ್ಸಿಗೆ ಮುಗಿಯುತ್ತಿರಲಿಲ್ಲ. ಬಳಿಕ ಮನ್ರೋ ಇನ್ನೊಂದು ಹೆಜ್ಜೆ ಮುಂದಿಟ್ಟನು. ಮದ್ರಾಸ್ ನಗರದಿಂದ ಮಾತ್ರ ಮನೆಯಲ್ಲಿ ಕಲಿಯುವವರ ಲೆಕ್ಕ ಬಂದಿತ್ತು. ಅದು ಸುಮಾರು 27,000, ಅಲ್ಲಿನ ಶಾಲಾ ವಿದ್ಯಾರ್ಥಿಗಳ ಐದು ಪಟ್ಟು! ಈ ಅಂಕಿಯಲ್ಲಿ ತಪ್ಪಿರಬಹುದೆಂದು ಅವನೇ ಬರೆದನು. ಜಿಲ್ಲೆಗಳಲ್ಲಿ ಪ್ರಮಾಣ ಇಷ್ಟಿರಲಾರದೆಂದೂ ಒಪ್ಪಿದನು. ಆದರೂ ನಾಲ್ಕನೆಯ ಒಂದು ಪಾಲು ಮೂರನೆಯ ಒಂದು ಪಾಲಿನ ಸಮೀಪಕ್ಕೆ ಏರಿತು. ಮನ್ರೋ ತನ್ನ ಅನುಮಾನವನ್ನು ಮುಚ್ಚಿಡಲಿಲ್ಲ. ಅವನನ್ನು ಉದ್ಧರಿಸುವವರು ಮಾತ್ರ ಅನುಮಾನವನ್ನು ಬಿಟ್ಟು ಭಿನ್ನರಾಶಿಯನ್ನಷ್ಟೇ ಉಳಿಸಿಕೊಂಡರು.

ಕೆನರಾದ ಕಲೆಕ್ಟರು ನಮೂನೆಯನ್ನು ತುಂಬಲೇ ಇಲ್ಲ. ಅಲ್ಲಿ ವಿದ್ಯಾಭ್ಯಾಸ ಬಹುಮಟ್ಟಿಗೆ ಮನೆಗಳಲ್ಲಿ ನಡೆಯುವುದರಿಂದ ಶಾಲೆಗಳ ಎಣಿಕೆ ದಾರಿತಪ್ಪಿಸೀತೆಂಬುದು ಅವನ ಸಮಾಧಾನ. ಶ್ರಮ ತಪ್ಪಿಸಿಕೊಳ್ಳುವ ಉಪಾಯವೂ ಇದರಲ್ಲಿ ಇದ್ದಿರಬಹುದು. ಹಾಗಿದ್ದರೂ ಇಡೀ ಸಮೀಕ್ಷೆಯಲ್ಲಿ ನಮೂನೆಯ ಸಿಂಧುತ್ವವನ್ನು ನೇರವಾಗಿ ಪ್ರಶ್ನಿಸಿದ ಉತ್ತರಗಳಲ್ಲಿ ಇದು ಮುಖ್ಯವಾದುದು. ಕೆನರಾದ ಖಾಲಿ ಅಂಕಣವನ್ನು ಸೊನ್ನೆಯೆಂದು ಓದಲಾಗದು.

ಕನ್ನಡಿಗರಿಗೆ ಅತ್ಯಂತ ಅಮೂಲ್ಯವಾದುದು ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್‌ನ 1823ರ ಆಗಸ್ಟ್ 17ರ ವರದಿ. ಜನಸಂಖ್ಯೆ 9,27,857, ಶಾಲೆಗಳು 533, ವಿದ್ಯಾರ್ಥಿಗಳು 6,641, ಅವರಲ್ಲಿ ಹುಡುಗಿಯರು 60 ಮಾತ್ರ. ಕನ್ನಡ ಶಾಲೆಗಳು 235, ತೆಲುಗು 226, ಮರಾಠಿ 23, ಪಾರಸಿ 21, ತಮಿಳು 4, ಇಂಗ್ಲಿಷ್ 1. ಬ್ರಾಹ್ಮಣರ ಸಂಸ್ಕೃತ ಪಾಠಸ್ಥಳಗಳು 23. ಸಾವಿರಕ್ಕೆ ಏಳು ವಿದ್ಯಾರ್ಥಿಗಳಾದರು. ಪ್ರಾಂತದ ಸರಾಸರಿ ಸಾವಿರಕ್ಕೆ ಹದಿನೈದರ ಸಮೀಪ. ಬಳ್ಳಾರಿ ನಿಜವಾಗಿ ಹಿಂದುಳಿದಿತ್ತೋ, ಕ್ಯಾಂಪ್‌ಬೆಲ್ ಇತರರಿಗಿಂತ ಬಿಗಿಯಾಗಿ ಎಣಿಸಿದನೋ ಎಂಬುದನ್ನು ಕೋಷ್ಟಕ ಹೇಳಲಾರದು. ಅಂದಿನ ಜಿಲ್ಲೆಯಲ್ಲಿ ಅನಂತಪುರವೂ ಸೇರಿತ್ತು, ಅದು ಪ್ರತ್ಯೇಕವಾದುದು 1882ರಲ್ಲಿ. ಆದುದರಿಂದ ಇಂದಿನ ಬಳ್ಳಾರಿಯೊಡನೆ ನೇರ ಹೋಲಿಕೆಯೂ ಸಲ್ಲದು.

ಅಂಕಿಗಳಿಗಿಂತ ಅವನ ಪುಸ್ತಕಪಟ್ಟಿ ಹೆಚ್ಚು ಸ್ವಾರಸ್ಯಕರ. ಎಲ್ಲ ಜಾತಿಯವರೂ ಓದುತ್ತಿದ್ದುದು ರಾಮಾಯಣ, ಮಹಾಭಾರತ, ಭಾಗವತ, ಲಿಂಗವಂತರ ಮಕ್ಕಳಿಗೆ ಇವುಗಳೊಡನೆ ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣ ಮುಂತಾದವು, ವ್ಯಾಕರಣಕ್ಕೆ ಶಬ್ದಮಣಿದರ್ಪಣ. ಹರಿಹರ, ಕೇಶಿರಾಜರು 19ನೆಯ ಶತಮಾನದ ಹಳ್ಳಿಯ ಮಕ್ಕಳ ಕೈಯಲ್ಲಿದ್ದರೆಂದು ಸಂತೋಷಪಡುವ ಮುನ್ನ ಮುಂದಿನ ಸಾಲುಗಳನ್ನೂ ಓದಬೇಕು. ಪ್ರತಿಗಳ ಬೆಲೆ ಹೆಚ್ಚು, ಉಪಾಧ್ಯಾಯರು ಬಡವರು. ಆದಕಾರಣ ವ್ಯಾಕರಣ-ನಿಘಂಟುಗಳು ಶಾಲೆಗಳಲ್ಲಿ ಅತಿವಿರಳ, ಇರುವವೂ ಲಿಪಿಕಾರರ ಪ್ರಮಾದಗಳಿಂದ ತುಂಬಿವೆ ಎಂದು ಅವನೇ ಹೇಳುತ್ತಾನೆ. ಪಟ್ಟಿಯಲ್ಲಿ ಹೆಸರಿರುವುದು ಬೇರೆ, ಪಾಠದಲ್ಲಿರುವುದು ಬೇರೆ.

ಮಕ್ಕಳು ಕಾವ್ಯಭಾಷೆಯನ್ನು ಅರ್ಥವರಿಯದೆ ಗಿಳಿಪಾಠ ಮಾಡುತ್ತಾರೆಂಬುದು ಅವನ ಇನ್ನೊಂದು ಆಕ್ಷೇಪ. ಕ್ಯಾಂಪ್‌ಬೆಲ್ ಸಾಮಾನ್ಯ ಅಧಿಕಾರಿಯಲ್ಲ, 1816ರಲ್ಲಿ ತೆಲುಗು ವ್ಯಾಕರಣ ಬರೆದ ವಿದ್ವಾಂಸ. ಆದರೆ ಈ ತೀರ್ಮಾನಕ್ಕೆ ಬರಲು ಅವನು ಮಕ್ಕಳನ್ನು ಪರೀಕ್ಷಿಸಿದ ವಿವರ ವರದಿಯಲ್ಲಿಲ್ಲ. ಓದುವವನೊಡನೆ ಅರ್ಥ ಹೇಳುವವನೂ ಇರುವ ನಮ್ಮ ಪುರಾಣಪಠನದ ಪರಂಪರೆಯಲ್ಲಿ, ಹುಡುಗ ಇಂದು ಬಾಯಿಪಾಠ ಮಾಡಿದ್ದರ ಅರ್ಥ ನಾಳೆ ಜಗಲಿಯ ಮೇಲೆ ಬಿಚ್ಚಿಕೊಂಡೀತು. ಅದು ಯಾವ ತನಿಖಾಧಿಕಾರಿಯ ಕಣ್ಣಿಗೂ ಬೀಳುವಂಥದಲ್ಲ.

ಶಾಲೆಗಳು ಕ್ಷೀಣಿಸಿದುದಕ್ಕೆ ಜನರ ಬಡತನವೂ, ಯುರೋಪಿನ ಹತ್ತಿಬಟ್ಟೆ ಇಲ್ಲಿನ ನೇಕಾರಿಕೆಯನ್ನು ಮುರಿದುದೂ ಕಾರಣವೆಂದು ಕ್ಯಾಂಪ್‌ಬೆಲ್ ಬರೆದನು. ಕಂಪನಿಯ ಅಧಿಕಾರಿಯೊಬ್ಬನಿಂದ ಬಂದ ಮಾತಾದುದರಿಂದ ಅದಕ್ಕೆ ತೂಕವಿದೆ. ಆದರೆ ಅವನಲ್ಲಿದ್ದುದು ಒಂದು ಕಾಲಘಟ್ಟದ ಎಣಿಕೆ ಮಾತ್ರ. ಹಿಂದೆ ಎಷ್ಟು ಶಾಲೆಗಳಿದ್ದುವೆಂಬ ಅಂಕಿ ಇಲ್ಲ. ಗಾಂಧೀಜಿ 1931ರ ಅಕ್ಟೋಬರ್ 20ರಂದು ಲಂಡನ್ನಿನಲ್ಲಿ, ಭಾರತ ಐವತ್ತು-ನೂರು ವರ್ಷಗಳ ಹಿಂದಿಗಿಂತ ಈಗ ಹೆಚ್ಚು ನಿರಕ್ಷರವಾಗಿದೆ ಎಂದಾಗ ಫಿಲಿಪ್ ಹಾರ್ಟೋಗ್ ಆಧಾರ ಕೇಳಿದ್ದು ಈ ದುರ್ಬಲ ಸ್ಥಾನದಲ್ಲಿಯೇ. ಆಧಾರ ಕೇಳಿದ್ದು ನ್ಯಾಯ. ಆದರೆ ಅವನತಿ ಸಿದ್ಧವಾಗಲಿಲ್ಲವೆಂಬುದರಿಂದ ಅವನತಿಯೇ ಆಗಲಿಲ್ಲವೆಂದು ಸಿದ್ಧವಾಗುವುದಿಲ್ಲ. 1939ರಲ್ಲಿ ಪುಸ್ತಕರೂಪ ತಾಳಿದ ಹಾರ್ಟೋಗ್ ಉಪನ್ಯಾಸಗಳೂ ಈ ಮಿತಿಯನ್ನು ದಾಟಲಾರವು.

ಕಲೆಕ್ಟರುಗಳ ಮೂಲಪತ್ರಗಳು ಚೆನ್ನೈಯ ತಮಿಳುನಾಡು ಪತ್ರಾಗಾರದ ಕಂದಾಯ ಮಂಡಳಿಯ ಕಡತಗಳಲ್ಲಿವೆ. ಅಚ್ಚಾದ ಪಾಠದಲ್ಲಿ ಕನ್ನಡ ಕೃತಿಗಳ ಹೆಸರುಗಳು ಗುರುತು ಸಿಗದಷ್ಟು ಕೆಟ್ಟಿವೆ: ಒಂದು 'ಅನುಭವಾಮೃತ'ವೆಂದು ತೋರುತ್ತದೆ, ಇನ್ನೊಂದೆರಡು ಬಿಡಿಸಲಾಗದ ಒಗಟುಗಳು. ಅಲ್ಲಿರುವ ಕನ್ನಡ ಸಂಶೋಧಕರು ಆ ಪುಟವನ್ನು ಮೂಲದೊಡನೆ ಹೋಲಿಸಿ ಹೆಸರುಗಳನ್ನು ನಿರ್ಣಯಿಸಿದರೆ ಬಳ್ಳಾರಿಯ ಪಟ್ಟಿ ಮೊದಲ ಬಾರಿಗೆ ಓದಲು ಯೋಗ್ಯವಾದೀತು.