ಬ್ರೆತ್

ಉಸಿರು ಎಂಬರ್ಥದ ಇಂಗ್ಲಿಷ್ ನಾಮಪದ. ಕ್ರಿಯಾರೂಪ ಬ್ರೀದ್. ಸುಮಾರು ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ‘ಬ್ರ್ಯಾಥ್’ ಎಂದರೆ ವಾಸನೆ. ಕಂಪು, ನಾತ, ಕುದಿಯುವ ಪಾತ್ರೆಯಿಂದ ಏಳುವ ಹಬೆ, ಎಲ್ಲಕ್ಕೂ ಅದೇ ಮಾತು. ಇದರ ದಾಯಾದಿಯಾದ ಜರ್ಮನ್ ‘ಬ್ರೋಡೆಮ್’ ಈಗಲೂ ಹಬೆಯ ಅರ್ಥದಲ್ಲೇ ಉಳಿದಿದೆ.

ಉಸಿರಿಗೆ ಆಗ ಇದ್ದ ಪದ ‘ಆಥ್ಮ್’. ಜರ್ಮನ್ನಿನ ‘ಆಟೆಮ್’, ಡಚ್ಚಿನ ‘ಆಡೆಮ್’ ಅದರ ಒಡಹುಟ್ಟುಗಳು. ಸಂಸ್ಕೃತದ ‘ಆತ್ಮನ್’ ಕೂಡ ಇದೇ ಬಳ್ಳಿಯದೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ನಡುಗಾಲದ ಇಂಗ್ಲಿಷಿನಲ್ಲಿ ಬಾಯಿಂದ ಹೊರಬರುವ ಬಿಸಿಗಾಳಿಗೂ ಹಬೆಯ ಪದವೇ ಹೊಂದಿಕೊಂಡು, ಹಳೆಯದು ಬಳಕೆ ತಪ್ಪಿತು. ಇಂಗ್ಲಿಷ್ ಆತ್ಮವನ್ನು ಬಿಟ್ಟು ವಾಸನೆಯನ್ನು ಇಟ್ಟುಕೊಂಡಿತು ಎಂದು ತಮಾಷೆಗೆ ಹೇಳಬಹುದು. 1611ರ ಬೈಬಲ್ ಅನುವಾದದ ಹೊತ್ತಿಗೆ, ದೇವರು ಮಣ್ಣಿನ ಮನುಷ್ಯನಿಗೆ ಊದಿದ ಜೀವಶ್ವಾಸಕ್ಕೂ ಇದೇ ಪದ ಸಾಕಾಗಿತ್ತು.

ಬ್ರೆತ್, ಬ್ರೀದ್‌ಗಳ ಉಚ್ಚಾರಣೆಯಲ್ಲಿ ಕಲಿಯುವವರು ಎಡವುವುದು ಸಾಮಾನ್ಯ. ಕ್ರಿಯಾಪದಕ್ಕೆ ಹಿಂದೆ ಕೊನೆಯಲ್ಲೊಂದು ಪ್ರತ್ಯಯವಿತ್ತು. ಎರಡು ಸ್ವರಗಳ ನಡುವೆ ಸಿಕ್ಕಿದ ವ್ಯಂಜನ ಘೋಷವಾಯಿತು; ಪ್ರತ್ಯಯ ಸವೆದುಹೋದರೂ ಘೋಷ ಹೋಗಲಿಲ್ಲ. ನಾಮಪದದ ದೀರ್ಘ ಸ್ವರ ಮಾತ್ರ ಮುಂದೆ ಹ್ರಸ್ವವಾಯಿತು. ಬಾತ್–ಬೇದ್, ಕ್ಲಾತ್–ಕ್ಲೋದ್ ಜೋಡಿಗಳಲ್ಲೂ ಕೊನೆಯ ವ್ಯಂಜನದ ಕತೆ ಇದೇ.

ವಿದ್ವತ್ತಿನ ಮಾತಿಗೆ ಇಂಗ್ಲಿಷ್ ಲ್ಯಾಟಿನ್ನಿನ ಮೊರೆಹೊಕ್ಕಿತು. ಉಸಿರಾಡು ಎಂಬರ್ಥದ ‘ಸ್ಪಿರಾರೆ’ ಧಾತುವಿನಿಂದ ರೆಸ್ಪಿರೇಷನ್, ಇನ್‌ಸ್ಪೈರ್, ಎಕ್ಸ್‌ಪೈರ್ ಬಂದವು. ಒಟ್ಟಿಗೆ ಉಸಿರಾಡುವುದು ಒಳಸಂಚಾಗಿ ಕಾನ್‌ಸ್ಪೈರ್ ಆಯಿತು. ನಮ್ಮ ವ್ಯಾಕರಣದ ಮಹಾಪ್ರಾಣಕ್ಕೆ ಇಂಗ್ಲಿಷಿನವರು ಹೇಳುವ ‘ಆಸ್ಪಿರೇಟ್’ ಕೂಡ ಇದೇ ಧಾತುವಿನದು. ಪ್ರಾಣವೆಂದರೂ ಉಸಿರೇ ಆದ್ದರಿಂದ ಎರಡೂ ಕಡೆಯ ವೈಯಾಕರಣರು ಒಂದೇ ದಾರಿ ಹಿಡಿದಂತಾಯಿತು. 1780ರ ದಶಕದಲ್ಲಿ ಫ್ರಾನ್ಸಿನ ಲಾವಾಸಿಯೆ ಮತ್ತು ಲಾಪ್ಲಾಸ್ ಗಿನಿಯಿಲಿಯೊಂದನ್ನು ಮಂಜುಗಡ್ಡೆ ಸುತ್ತಿದ ಪಾತ್ರೆಯಲ್ಲಿಟ್ಟು, ಅದರ ಮೈಶಾಖವನ್ನು ಕರಗಿದ ನೀರಿನಿಂದ ಅಳೆದು, ಉಸಿರಾಟ ಒಂದು ಬಗೆಯ ನಿಧಾನ ದಹನವೆಂದು ತೋರಿಸಿದರು. ಅಲ್ಲಿಂದ ಮುಂದೆ ರೆಸ್ಪಿರೇಷನ್ ಜೀವಕೋಶದೊಳಗಿನ ಕ್ರಿಯೆಗೂ ಹಬ್ಬಿತು. ಎದೆ ಏರಿಳಿಯುವ ಕೆಲಸ ಮಾತ್ರ, ಅಂದರೆ ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ನಿಮಿಷಕ್ಕೆ 12ರಿಂದ 20 ಬಾರಿ ನಡೆಯುವುದು, ಮನೆಮಾತಿನ ಬ್ರೀದಿಂಗ್ ಆಗಿಯೇ ಉಳಿಯಿತು.

ದಿನಬಳಕೆಯಲ್ಲಿ ಈ ಪದದ ಒಲವು ಮಾತಿನ ಕಡೆಗೆ. ‘ಉಸಿರಿನ ಕೆಳಗೆ’ ಹೇಳಿದ್ದೆಂದರೆ ಗೊಣಗಿದ್ದು. ‘ಉಸಿರು ಉಳಿಸಿಕೋ’ ಎಂದರೆ ಸುಮ್ಮನೆ ಬಾಯಿ ನೋಯಿಸಿಕೊಳ್ಳಬೇಡ. ಕನ್ನಡಿಗರಿಗೆ ಇದರಲ್ಲಿ ಅಚ್ಚರಿಯೇನಿಲ್ಲ: ‘ಉಸಿರೆತ್ತಬೇಡ’ ಎಂದು ಗದರಿದರೆ ಯಾರೂ ಮೂಗು ಮುಚ್ಚಿಕೊಳ್ಳುವುದಿಲ್ಲ, ಹಳಗನ್ನಡದಲ್ಲಂತೂ ಉಸಿರುವುದೆಂದರೆ ಹೇಳುವುದೇ. ‘ಬೇಟೆಡ್ ಬ್ರೆತ್’ ಎಂಬ ನುಡಿಗಟ್ಟು ಶೇಕ್ಸ್‌ಪಿಯರನ ‘ದಿ ಮರ್ಚೆಂಟ್ ಆಫ್ ವೆನಿಸ್’ ನಾಟಕದಲ್ಲಿದೆ. ‘ಬೇಟೆಡ್’ ಎಂದರೆ ಅಲ್ಲಿ ತಗ್ಗಿಸಿದ ಎಂದರ್ಥ. ಆ ಪದ ಬೇರೆಡೆ ಮರೆಯಾದ್ದರಿಂದ, ಗಾಳಕ್ಕೆ ಸಿಕ್ಕಿಸುವ ಎರೆಯ ಕಾಗುಣಿತದಲ್ಲಿ ಅದನ್ನು ಬರೆಯುವವರು ಇಂಗ್ಲಿಷರಲ್ಲೇ ಬಹಳ.

ಇಪ್ಪತ್ತನೆಯ ಶತಮಾನದಲ್ಲಿ ಪದ ರಂಗಕ್ಕೂ ಹತ್ತಿತು. ಸ್ಯಾಮ್ಯುಯೆಲ್ ಬೆಕೆಟ್‌ನ ‘ಬ್ರೆತ್’ (1969) ಒಂದು ನಿಮಿಷವೂ ಹಿಡಿಯದ ನಾಟಕ: ಚೆಲ್ಲಾಡಿದ ಕಸ, ಒಂದು ಕೂಗು, ಒಂದು ಉಚ್ಛ್ವಾಸ, ಒಂದು ನಿಶ್ವಾಸ, ಮತ್ತೊಂದು ಕೂಗು. ನಟರೇ ಇಲ್ಲ. ಭಾರತದಲ್ಲಿ 1998ರ ‘ಬ್ರೆತ್‌ಲೆಸ್’ ಹಾಡು ಶಂಕರ್ ಮಹಾದೇವನ್ ಅವರನ್ನು ಮನೆಮಾತಾಗಿಸಿತು. 2014ರಲ್ಲಿ ನ್ಯೂಯಾರ್ಕಿನ ಎರಿಕ್ ಗಾರ್ನರ್, 2020ರ ಮೇ 25ರಂದು ಮಿನಿಯಾಪೊಲಿಸ್‌ನ ಜಾರ್ಜ್ ಫ್ಲಾಯ್ಡ್, ಪೊಲೀಸರ ಹಿಡಿತದಲ್ಲಿ ಸಾಯುವಾಗ ಉಸಿರಾಡಲಾಗುತ್ತಿಲ್ಲ ಎಂದದ್ದು ಕಪ್ಪುಜನರ ಪ್ರತಿಭಟನೆಯ ಘೋಷಣೆಯಾಯಿತು.

ಪೊಲೀಸರ ಕೈಗೆ ಈ ಪದ ಅದಕ್ಕೂ ಮೊದಲೇ ಬೇರೊಂದು ರೂಪದಲ್ಲಿ ಬಂದಿತ್ತು. ಕುಡಿದು ಗಾಡಿ ಓಡಿಸುವವರನ್ನು ಪತ್ತೆಹಚ್ಚಲು ಅಮೆರಿಕದ ಇಂಡಿಯಾನಾದಲ್ಲಿ ರಾಬರ್ಟ್ ಬೋರ್ಕೆನ್‌ಸ್ಟೈನ್ 1954ರಲ್ಲಿ ರೂಪಿಸಿದ ಉಪಕರಣ ‘ಬ್ರೆತಲೈಸರ್’. ಭಾರತದ 1988ರ ಮೋಟಾರು ವಾಹನ ಕಾಯಿದೆಯಂತೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದ ಮದ್ಯಾಂಶ ಈ ಬಗೆಯ ಪರೀಕ್ಷೆಯಲ್ಲಿ ಕಂಡರೆ ಅಪರಾಧ. ಬೆಂಗಳೂರಿನ ರಸ್ತೆಯಲ್ಲಿ ಇಷ್ಟಕ್ಕೂ ಒಂದೇ ಮಾತು: ‘ಊದಿ.’