ಅದ್ಭುತಕಥೆಯ ಪೂರ್ವಚರಿತ್ರೆ ಮತ್ತು ಬೆಳಗಾವಿ ಸೀಮೆ

ಅದ್ಭುತ-ಭಯಾನಕ ಕಥೆಗಳನ್ನು ಅಗ್ಗದ ಬೆಲೆಗೆ ಜನಸಾಮಾನ್ಯರಿಗೆ ಒದಗಿಸುವ ಪದ್ಧತಿಯು ಅಮೇರಿಕೆಯಲ್ಲಿ ಹುಟ್ಟಿತೆಂದು ಹೇಳುವುದುಂಟು. ಫ್ರಾಂಕ್ ಮನ್ಸಿ ಎಂಬವನು 1896ರಲ್ಲಿ ತನ್ನ ‘ಆರ್ಗಸಿ’ ಪತ್ರಿಕೆಯನ್ನು ಕೇವಲ ಕಥೆಗಳಿಗಾಗಿಯೇ ಮೀಸಲಿಟ್ಟು, ಮರದ ತಿರುಳಿನ ಒರಟು ಕಾಗದದ ಮೇಲೆ ಅಚ್ಚುಮಾಡಿಸಿದನು. 1923ರಲ್ಲಿ ‘ವಿಯರ್ಡ್ ಟೇಲ್ಸ್’ ಪತ್ರಿಕೆಯೂ 1926ರಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕನ ‘ಅಮೇಜಿಂಗ್ ಸ್ಟೋರೀಸ್’ ಪತ್ರಿಕೆಯೂ ಹೊರಟವು. ಆಲಂಕಾರಿಕರ ಪರಿಭಾಷೆಯಲ್ಲಿ ಹೇಳುವುದಾದರೆ, ‘ವಿಯರ್ಡ್ ಟೇಲ್ಸ್’ ಪತ್ರಿಕೆಗೆ ಭಯವು ಸ್ಥಾಯಿ. ‘ಅಮೇಜಿಂಗ್ ಸ್ಟೋರೀಸ್’ ಪತ್ರಿಕೆಗೆ ವಿಸ್ಮಯವು ಸ್ಥಾಯಿ. ವಿಸ್ಮಯಕ್ಕೆ ಮಂತ್ರ-ಶಾಪಗಳ ಬದಲಾಗಿ ಯಂತ್ರ-ಪ್ರಯೋಗಗಳ ಹೇತುವನ್ನು ಕಲ್ಪಿಸುವುದೇ ವಿಜ್ಞಾನಕಥೆಯ ವಿಶೇಷ.

ಆದರೆ ಅಮೇರಿಕೆಯಲ್ಲಿ ಹುಟ್ಟಿದುದು ಆ ಕಾಗದವೂ ಆ ಬೆಲೆಯೂ ಹೊರತು ಆ ರಸವಲ್ಲ. ಕನ್ನಡ-ಮರಾಠಿಗಳೆರಡೂ ಬಳಕೆಯಲ್ಲಿರುವ ಬೆಳಗಾವಿ ಸೀಮೆಯಿಂದ ನೋಡಿದರೆ ಈ ಭೇದವು ಸ್ಪಷ್ಟವಾಗುವುದು. 1831ರಲ್ಲಿ ಬೆಳಗಾವಿಯಲ್ಲಿ ಜನಿಸಿದ ಬಾಬಾ ಪದಮನಜಿಯವರು 1857ರಲ್ಲಿ ‘ಯಮುನಾಪರ್ಯಟನ’ವನ್ನು ಪ್ರಕಟಿಸಿದರು. ವಿಧವೆಯರ ದುಃಸ್ಥಿತಿಯನ್ನು ಚಿತ್ರಿಸುವ ಈ ಗ್ರಂಥವನ್ನು ಮರಾಠಿಯ ಮೊದಲ ಕಾದಂಬರಿಯೆಂದು ಎಣಿಸುವರು. ಆದರೆ ಅನಂತರದ ಲೇಖಕರು ಕೂಡಲೇ ಆ ಮಾರ್ಗವನ್ನು ಹಿಡಿಯಲಿಲ್ಲ. ಹಳಬೆಯವರ ‘ಮುಕ್ತಾಮಾಲಾ’ (1861), ರಿಸಬೂಡರ ‘ಮಂಜುಘೋಷಾ’ (1868) ಮೊದಲಾದವು ಅದ್ಭುತರಮ್ಯ ಮಾರ್ಗದವು. ಕನ್ನಡದಲ್ಲಿಯೂ ಮೊದಲ ಸ್ವತಂತ್ರ ಕಾದಂಬರಿಗಳಲ್ಲೊಂದೆಂದು ಎಣಿಸಲ್ಪಡುವ ಗದಗಕರರ ‘ಸೂರ್ಯಕಾಂತ’ (1892) ಮೊದಲು ಬಂದು, ಗುಲ್ವಾಡಿ ವೆಂಕಟರಾಯರ ಸಾಮಾಜಿಕ ಕೃತಿಯಾದ ‘ಇಂದಿರಾಬಾಯಿ’ (1899) ಆಮೇಲೆ ಬಂದಿತು.

ಅದ್ಭುತವು ಕಾದಂಬರಿಯ ಬಾಲ್ಯಚಾಪಲ್ಯವಷ್ಟೇ ಎಂಬ ಆಕ್ಷೇಪವುಂಟು. ಇದಕ್ಕೆ ಸಮಾಧಾನವು ಆ ಪ್ರಕಾರದ ಹೆಸರಿನಲ್ಲಿಯೇ ಇದೆ. ಕನ್ನಡ-ಮರಾಠಿಗಳೆರಡೂ ಇಂಗ್ಲಿಷಿನ ‘ನಾವೆಲ್’ ಎಂಬುದಕ್ಕೆ ಸಮನಾಗಿ ಹಿಡಿದ ಶಬ್ದವು ಬಾಣಭಟ್ಟನ ಕಥಾನಾಯಿಕೆಯ ನಾಮಧೇಯ. ಚಂದ್ರನು ಶಾಪದಿಂದ ಚಂದ್ರಾಪೀಡನಾಗಿ ಹುಟ್ಟುವುದು, ಪುಂಡರೀಕನು ಜನ್ಮಾಂತರದಲ್ಲಿ ಗಿಳಿಯಾಗಿ ರಾಜಸಭೆಗೆ ಬರುವುದು, ಇವೆಲ್ಲವೂ ಆ ಕಥೆಯ ಶರೀರವೇ ಸರಿ. ಹತ್ತನೆಯ ಶತಮಾನದಲ್ಲಿ ನಾಗವರ್ಮನು ಅದನ್ನು ಕನ್ನಡಕ್ಕೆ ತಂದನು. ಶವವನ್ನು ಹೊಕ್ಕು ಪ್ರಶ್ನೆ ಕೇಳುವ ಬೇತಾಳನ ಕಥೆಗಳಲ್ಲಿ ಭಯಾನಕವೂ ಪ್ರಾಚೀನಕಾಲದಿಂದ ನೆಲೆಗೊಂಡಿದೆ. ತಾಯಿಯ ಹೆಸರನ್ನು ಧರಿಸಿ ತಾಯಿಯನ್ನು ಅಲ್ಲಗಳೆಯುವುದು ಯುಕ್ತವಲ್ಲ.

ಇನ್ನು ರಕ್ಷಣೆಯ ವಿಷಯ. ಖಾನಾಪುರ ತಾಲೂಕಿನ ಹಲಸಿಯು ಕದಂಬರ ಪಲಾಶಿಕೆ. ಅಲ್ಲಿ ದೊರೆತ ಕಾಕುಸ್ಥವರ್ಮನ ತಾಮ್ರಪಟವನ್ನು ಸುಮಾರು 1500 ವರ್ಷಗಳ ಅನಂತರವೂ ಫ್ಲೀಟರು ಓದಿ ಪ್ರಕಟಿಸಲು ಸಾಧ್ಯವಾಯಿತು. ಅದು ಶ್ರುತಕೀರ್ತಿಯೆಂಬ ಸೇನಾಪತಿಗೆ ಕೊಟ್ಟ ಒಂದು ಹೊಲದ ದಾನಪತ್ರ. ತಿರುಳಿನ ಕಾಗದವಾದರೋ ತನ್ನೊಳಗಿನ ಆಮ್ಲದಿಂದಲೇ ಕೆಲವು ದಶಕಗಳಲ್ಲಿ ಹಳದಿಯಾಗಿ, ಮುಟ್ಟಿದರೆ ಪುಡಿಯಾಗುವುದು. ಒಂದು ಹೊಲದ ದಾನವನ್ನು ತಾಮ್ರವು ಉಳಿಸಿತು. ಅಗ್ಗದ ಕಾಗದದಲ್ಲಿ ಅಚ್ಚಾಗಿ, ಜನರು ದೀಪದ ಬೆಳಕಿನಲ್ಲಿ ಬೆರಗಿನಿಂದಲೂ ಅಂಜಿಕೆಯಿಂದಲೂ ಓದಿದ ಕಥೆಗಳನ್ನು ಉಳಿಸತಕ್ಕವರು ವಿದ್ವಾಂಸರೇ. ಶೈಲಿಯ ದೋಷವನ್ನು ಎಣಿಸುವ ಮೊದಲು ಪ್ರತಿಯನ್ನು ಸಂಗ್ರಹಿಸಬೇಕು. ಗ್ರಂಥವೇ ನಶಿಸಿದ ಮೇಲೆ ಗುಣದೋಷವಿಮರ್ಶೆಗೆ ವಿಷಯವೆಲ್ಲಿ?