ಟೋಪಿ ತೆಗೆಯುವ ಗೌರವ, ಟೋಪಿ ಧರಿಸುವ ಗೌರವ: ಚರಿತ್ರೆ ಕಲಿಸಿದ ಪಾಠ

ಗೌರವಾನ್ವಿತರ ಮುಂದೆ ನಿಲ್ಲುವಾಗ ಮನುಷ್ಯನು ತನ್ನ ತಲೆಯನ್ನು ಮುಚ್ಚಿಕೊಳ್ಳಬೇಕೇ ಅಥವಾ ತೆರೆದಿಡಬೇಕೇ? ಇಂದು ಈ ಪ್ರಶ್ನೆ ನಮಗೆ ತೀರಾ ಚಿಕ್ಕದಾಗಿ ಕಾಣಬಹುದು. ಆದರೆ ಕಳೆದ ಇನ್ನೂರು ವರ್ಷಗಳ ಮುಸ್ಲಿಮ್ ಜಗತ್ತಿನ ಚರಿತ್ರೆಯನ್ನು ಅವಲೋಕಿಸಿದರೆ, ಇದೇ ಪ್ರಶ್ನೆಯ ಹೆಸರಿನಲ್ಲಿ ರಾಯಭಾರಿಯೊಬ್ಬರು ತುಂಬಿದ ಸಭೆಯಲ್ಲಿ ಅವಮಾನಿತರಾದುದನ್ನೂ, ಜನರು ಗುಂಡಿಗೆ ಬಲಿಯಾದುದನ್ನೂ, ವಿದ್ವಾಂಸರೊಬ್ಬರು ನೇಣುಗಂಬವನ್ನೇರಿದುದನ್ನೂ ಕಾಣುತ್ತೇವೆ. ಆದ್ದರಿಂದ ತಲೆಯ ಮೇಲಿನ ಒಂದು ತುಂಡು ಬಟ್ಟೆಗೆ ಇಷ್ಟೊಂದು ಅರ್ಥ ಎಲ್ಲಿಂದ ಬಂತು, ಅದರಲ್ಲಿ ಧರ್ಮದ ಪಾಲೆಷ್ಟು, ರೂಢಿಯ ಪಾಲೆಷ್ಟು ಎಂಬುದನ್ನು ವಿಚಾರ ಮಾಡುವುದು ವ್ಯರ್ಥವಲ್ಲ.

ಶಿರಸ್ಸು ಮನುಷ್ಯನ ಮಾನದ ನೆಲೆ. ನಮ್ಮ ಕನ್ನಡವೇ ಇದಕ್ಕೆ ಸಾಕ್ಷಿ. ಮಾನವಂತನು ತಲೆಯೆತ್ತಿ ನಡೆಯುತ್ತಾನೆ, ತಪ್ಪಿತಸ್ಥನು ತಲೆ ತಗ್ಗಿಸುತ್ತಾನೆ, ವಿನಯಶೀಲನು ತಲೆಬಾಗುತ್ತಾನೆ. ಆದ್ದರಿಂದ ತಲೆಯುಡುಪಿನ ಬಗ್ಗೆ ಪ್ರತಿಯೊಂದು ಸಮಾಜವೂ ತನ್ನದೇ ಆದ ಶಿಷ್ಟಾಚಾರವನ್ನು ರೂಪಿಸಿಕೊಂಡಿತು. ವಿಚಿತ್ರವೆಂದರೆ, ಈ ಶಿಷ್ಟಾಚಾರಗಳು ಪೂರ್ವದಲ್ಲಿ ಒಂದು ಬಗೆಯಾದರೆ ಪಶ್ಚಿಮದಲ್ಲಿ ಅದಕ್ಕೆ ನೇರ ವಿರುದ್ಧ. ಯೂರೋಪಿನಲ್ಲಿ ಗಂಡಸರು ಇಗರ್ಜಿಯನ್ನು ಪ್ರವೇಶಿಸುವಾಗ, ನ್ಯಾಯಾಲಯದಲ್ಲಿ ನಿಲ್ಲುವಾಗ, ಹಿರಿಯರನ್ನು ಎದುರುಗೊಳ್ಳುವಾಗ ಟೋಪಿಯನ್ನು ತೆಗೆಯುತ್ತಿದ್ದರು. ಪಾದರಕ್ಷೆ ಮಾತ್ರ ಕಾಲಲ್ಲೇ ಇರುತ್ತಿತ್ತು. ನಮ್ಮ ಪೂರ್ವ ದೇಶಗಳಲ್ಲಾದರೋ ಪಾದರಕ್ಷೆಯನ್ನು ಹೊಸ್ತಿಲಾಚೆ ಕಳಚಿಟ್ಟು, ಮುಂಡಾಸನ್ನು ಸರಿಪಡಿಸಿಕೊಂಡು ಒಳಗೆ ಕಾಲಿಡುವುದೇ ಮರ್ಯಾದೆ. ಉಸ್ಮಾನಿಯಾ ತುರ್ಕಿಯ ಸಭ್ಯ ವ್ಯಕ್ತಿಯು ಸುಲ್ತಾನರ ಸನ್ನಿಧಿಯಲ್ಲಿಯೂ ತಲೆಯುಡುಪನ್ನು ತೆಗೆಯುತ್ತಿರಲಿಲ್ಲ. ಬಲಗೈಯನ್ನು ಕೆಳಗಿಳಿಸಿ, ತುಟಿಗೂ ಹಣೆಗೂ ತಾಗಿಸಿ ವಂದಿಸುತ್ತಿದ್ದನು. ಬರಿದಲೆಯಲ್ಲಿ ಎದುರು ನಿಲ್ಲುವುದು ಅಲ್ಲಿ ಅಗೌರವ.

ಯೂರೋಪಿನಲ್ಲಿಯೂ ಈ ಆಚಾರವು ಕೇವಲ ಸಭ್ಯತೆಯ ವಿಷಯವಾಗಿ ಉಳಿದಿರಲಿಲ್ಲ. ಇಂಗ್ಲೆಂಡಿನ ಕ್ವೇಕರ್ ಎಂಬ ಕ್ರೈಸ್ತ ಪಂಗಡದವರು, ಟೋಪಿ ತೆಗೆಯುವ ಗೌರವವು ಪ್ರಾರ್ಥನೆಯ ವೇಳೆ ದೇವನಿಗೆ ಮಾತ್ರ ಸಲ್ಲತಕ್ಕದ್ದು, ಮನುಷ್ಯರಿಗಲ್ಲ ಎಂದು ನಂಬಿದ್ದರು. 1670ರಲ್ಲಿ ವಿಲಿಯಂ ಪೆನ್ ಎಂಬ ಕ್ವೇಕರ್ ಮುಖಂಡನನ್ನು ಲಂಡನ್ನಿನ ನ್ಯಾಯಾಲಯಕ್ಕೆ ಕರೆತಂದಾಗ ಅವನ ತಲೆಯ ಮೇಲೆ ಟೋಪಿ ಇರಲಿಲ್ಲ. ನ್ಯಾಯಾಲಯವೇ ಸಿಬ್ಬಂದಿಯಿಂದ ಅವನ ತಲೆಗೆ ಟೋಪಿ ಇಡಿಸಿ, ಬಳಿಕ ಅದನ್ನು ತೆಗೆಯಲಿಲ್ಲವೆಂದು ದಂಡ ವಿಧಿಸಿತು! ಅಧಿಕಾರಕ್ಕೆ ಬೇಕಾಗಿದ್ದುದು ಗೌರವವಲ್ಲ, ಶರಣಾಗತಿ ಎಂಬುದು ಇದರಿಂದ ವ್ಯಕ್ತವಾಗುತ್ತದೆ.

ಇನ್ನು ಈ ವಿಷಯದಲ್ಲಿ ಇಸ್ಲಾಮಿನ ನಿಲುವನ್ನು ನೋಡೋಣ. ಪ್ರವಾದಿ ಮುಹಮ್ಮದ್(ಸ) ಮುಂಡಾಸು ಧರಿಸುತ್ತಿದ್ದರು. ಮಕ್ಕಾ ವಿಜಯದ ದಿನ ಅವರು ಕಪ್ಪು ಮುಂಡಾಸು ಧರಿಸಿ ನಗರವನ್ನು ಪ್ರವೇಶಿಸಿದರೆಂದು ಜಾಬಿರ್(ರ)ರ ವರದಿಯು ಸಹೀಹ್ ಮುಸ್ಲಿಮ್‌ನಲ್ಲಿದೆ. ಪ್ರವಾದಿವರ್ಯರ(ಸ) ಮೇಲಿನ ಪ್ರೀತಿಯಿಂದ ತಲೆ ಮುಚ್ಚುವುದನ್ನು ರೂಢಿಸಿಕೊಂಡ ಮುಸ್ಲಿಮರ ಭಾವನೆಯು ಅತ್ಯಂತ ಗೌರವಾರ್ಹವಾದುದು. ಆದರೆ ಅದೇ ಶರೀಅತ್ ಹಜ್ಜ್ ಮತ್ತು ಉಮ್ರಾದ ಇಹ್ರಾಮ್‌ನಲ್ಲಿ ಪುರುಷರು ತಲೆಯನ್ನು ತೆರೆದಿಡಬೇಕೆಂದು ವಿಧಿಸಿದೆ. ಇಹ್ರಾಮ್‌ನಲ್ಲಿದ್ದಾಗ ಒಂಟೆಯಿಂದ ಬಿದ್ದು ಮೃತರಾದ ಒಬ್ಬ ಯಾತ್ರಿಕರ ತಲೆಯನ್ನು ಕಫನ್‌ನಿಂದ ಮುಚ್ಚಬಾರದು, ಅಂತಿಮ ದಿನದಂದು ಅವರು ತಲ್ಬಿಯಾ ಹೇಳುತ್ತಲೇ ಎಬ್ಬಿಸಲ್ಪಡುವರು ಎಂದು ಪ್ರವಾದಿವರ್ಯರು(ಸ) ತಿಳಿಸಿದುದು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಮುಸ್ಲಿಮನ ಜೀವನದ ಅತ್ಯಂತ ಪವಿತ್ರ ಯಾತ್ರೆಯಲ್ಲಿ ಅರಸನೂ ಆಳೂ ಬರಿದಲೆಯಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಹಾಗಿರುವಾಗ ತಲೆ ಮುಚ್ಚುವುದೊಂದೇ ಎಲ್ಲ ಕಾಲಕ್ಕೂ ಎಲ್ಲ ಸ್ಥಳಕ್ಕೂ ಧರ್ಮನಿಷ್ಠೆಯ ಅಳತೆಗೋಲು ಎನ್ನುವುದು ಹೇಗೆ?

ನಮ್ಮ ಪೂರ್ವಿಕ ವಿದ್ವಾಂಸರು ಇದನ್ನು ಚೆನ್ನಾಗಿ ಅರಿತಿದ್ದರು. 1388ರಲ್ಲಿ ನಿಧನರಾದ ಗ್ರನಾಡಾದ ಇಮಾಮ್ ಶಾತಿಬೀ(ರಹ್) ತಮ್ಮ ‘ಅಲ್ ಮುವಾಫಕಾತ್’ ಗ್ರಂಥದಲ್ಲಿ, ಕಾಲ-ದೇಶಗಳಿಗೆ ತಕ್ಕಂತೆ ಬದಲಾಗುವ ರೂಢಿಗಳಿಗೆ ಉದಾಹರಣೆಯಾಗಿ ತಲೆಯುಡುಪನ್ನೇ ಆರಿಸಿಕೊಂಡಿದ್ದಾರೆ. ಅವರ ಮಾತಿನ ಸಾರಾಂಶವಿಷ್ಟೆ: ಪೂರ್ವದ ನಾಡುಗಳಲ್ಲಿ ಬರಿದಲೆಯಲ್ಲಿ ತಿರುಗಾಡುವುದು ಗಣ್ಯರಿಗೆ ಕೀಳೆನಿಸುತ್ತದೆ, ಪಶ್ಚಿಮದ ನಾಡುಗಳಲ್ಲಿ ಹಾಗೆ ಅನಿಸುವುದಿಲ್ಲ. ಆದ್ದರಿಂದ ಬರಿದಲೆಯು ಪೂರ್ವದಲ್ಲಿ ಒಬ್ಬ ಸಾಕ್ಷಿಯ ವಿಶ್ವಾಸಾರ್ಹತೆಗೆ ಕುಂದಾಗುತ್ತದೆ, ಪಶ್ಚಿಮದಲ್ಲಿ ಆಗುವುದಿಲ್ಲ. ಇಲ್ಲಿ ಅವರು ಹೇಳುವ ಪಶ್ಚಿಮವೆಂದರೆ ಕ್ರೈಸ್ತ ಯೂರೋಪಲ್ಲ. ಮುಸ್ಲಿಮರೇ ಬಾಳುತ್ತಿದ್ದ ಸ್ಪೇನ್ ಮತ್ತು ಮೊರಾಕ್ಕೋ ಕಡೆಯ ಪ್ರದೇಶಗಳು. ಅಂದರೆ ಮುಸ್ಲಿಮ್ ಜಗತ್ತಿನ ಒಳಗೇ ಎರಡು ರೂಢಿಗಳಿದ್ದವು. ಎರಡಕ್ಕೂ ಶರೀಅತ್‌ನಲ್ಲಿ ಸ್ಥಾನವಿತ್ತು. ವಿದ್ವಾಂಸರ ಪರಿಭಾಷೆಯಲ್ಲಿ ಇದನ್ನೇ ‘ಉರ್ಫ್’ ಎನ್ನುತ್ತಾರೆ. ಧರ್ಮವು ಬೇಡುವುದು ಮಾನ-ಮರ್ಯಾದೆಯನ್ನು. ಅದರ ಬಾಹ್ಯ ರೂಪವನ್ನು ಅನೇಕ ವೇಳೆ ಆಯಾ ನಾಡಿನ ಜನರೇ ನಿರ್ಣಯಿಸುತ್ತಾರೆ.

ಆದರೆ ರೂಢಿಯನ್ನು ರೂಢಿಯೆಂದೇ ಗುರುತಿಸುವ ಈ ವಿವೇಕವು ಎಲ್ಲ ಕಾಲದಲ್ಲೂ ಉಳಿಯಲಿಲ್ಲ. ಉಸ್ಮಾನಿಯಾ ಸಾಮ್ರಾಜ್ಯದ ‘ಫೆಜ್’ ಟೋಪಿಯ ಕಥೆಯೇ ಅದಕ್ಕೆ ನಿದರ್ಶನ. ಒಂದು ಕಾಲದಲ್ಲಿ ಅಲ್ಲಿ ಮುಂಡಾಸಿನ ಬಣ್ಣ, ಆಕಾರ ಮತ್ತು ಗಾತ್ರಗಳಿಂದಲೇ ವ್ಯಕ್ತಿಯ ಧರ್ಮ, ವೃತ್ತಿ ಮತ್ತು ಪದವಿಯನ್ನು ಗುರುತಿಸಬಹುದಾಗಿತ್ತು. ಸತ್ತ ಮೇಲೂ ಗೋರಿಗಲ್ಲಿನ ತುದಿಯಲ್ಲಿ ಅವನ ಮುಂಡಾಸನ್ನೇ ಕೆತ್ತುತ್ತಿದ್ದರು. 1826ರಲ್ಲಿ ಜಾನಿಸರಿ ಸೈನ್ಯವನ್ನು ರದ್ದುಪಡಿಸಿದ ಎರಡನೇ ಸುಲ್ತಾನ್ ಮಹ್ಮೂದ್, ಹೊಸ ಸೈನ್ಯಕ್ಕೆ ಕುಚ್ಚುಳ್ಳ ಕೆಂಪು ಫೆಜ್ ಟೋಪಿಯನ್ನು ತಂದರು. 1829ರಲ್ಲಿ ಅದನ್ನು ಸರಕಾರಿ ನೌಕರರಿಗೂ ವಿಸ್ತರಿಸಿದರು. ಉಲಮಾಗಳಿಗೆ ಮಾತ್ರ ಮುಂಡಾಸನ್ನು ಉಳಿಸಿಕೊಳ್ಳುವ ಅವಕಾಶವಿತ್ತು. ಫೆಜ್ ಟೋಪಿಗೆ ಅಂಚು ಇಲ್ಲದ್ದರಿಂದ ಸುಜೂದ್‌ನಲ್ಲಿ ಹಣೆಯನ್ನು ನೆಲಕ್ಕೆ ತಾಗಿಸಲು ತೊಡಕಿರಲಿಲ್ಲ. ಹಾಗಿದ್ದರೂ ಪೂರ್ವಜರ ಮುಂಡಾಸನ್ನು ಬಿಟ್ಟು ಈ ಹೊಸ ಟೋಪಿ ಧರಿಸುವುದನ್ನು ಅನೇಕರು ವಿರೋಧಿಸಿದರು. ಧರ್ಮಕ್ಕೆ ಕುತ್ತು ಬಂತೆಂಬ ಕೂಗೆದ್ದಿತು.

ಮೂರು ನಾಲ್ಕು ತಲೆಮಾರುಗಳು ಕಳೆದವು. ಹೊಸ ಟೋಪಿ ಹಳೆಯದಾಯಿತು, ಪ್ರಿಯವಾಯಿತು, ಕೊನೆಗೆ ಪವಿತ್ರವೂ ಆಯಿತು. ಗೋರಿಗಲ್ಲುಗಳ ಮೇಲೆ ಮುಂಡಾಸಿನ ಬದಲು ಫೆಜ್ ಕಾಣಿಸಿಕೊಂಡಿತು. 1908ರಲ್ಲಿ ಆಸ್ಟ್ರಿಯಾ ಬೋಸ್ನಿಯಾವನ್ನು ಕಬಳಿಸಿದಾಗ ತುರ್ಕಿಯ ಜನರು ಆಸ್ಟ್ರಿಯಾದ ಸರಕನ್ನು ಬಹಿಷ್ಕರಿಸಿದರು. ಆಗ ಅವರು ಮೊದಲು ಕಿತ್ತೆಸೆದದ್ದು ತಮ್ಮ ತಲೆಯ ಮೇಲಿದ್ದ ಫೆಜ್ ಟೋಪಿಗಳನ್ನೇ. ಏಕೆಂದರೆ ‘ಇಸ್ಲಾಮಿನ ಗುರುತು’ ಎನಿಸಿದ್ದ ಆ ಟೋಪಿಗಳಲ್ಲಿ ಬಹುಪಾಲು ಆಸ್ಟ್ರಿಯಾದ ಕಾರ್ಖಾನೆಗಳಲ್ಲಿ ತಯಾರಾಗಿ ಬರುತ್ತಿದ್ದವು!

ಭಾರತದಲ್ಲಿಯೂ ‘ತುರ್ಕಿ ಟೋಪಿ’ ಎಂಬ ಹೆಸರಿನಲ್ಲಿ ಅದು ಮನೆಮಾತಾಯಿತು. ಸರ್ ಸಯ್ಯದ್ ಅಹ್ಮದ್ ಖಾನ್ 1875ರಲ್ಲಿ ಅಲೀಗಢದಲ್ಲಿ ಸ್ಥಾಪಿಸಿದ ವಿದ್ಯಾಸಂಸ್ಥೆಯ ವಿದ್ಯಾರ್ಥಿಗಳ ಉಡುಪಿನಲ್ಲಿ ಅದು ಸೇರಿಕೊಂಡಿತು. ಖಿಲಾಫತ್ ಚಳವಳಿಯ ದಿನಗಳಲ್ಲಿ ತುರ್ಕಿಯ ಮೇಲಿನ ಅಭಿಮಾನದ ಕುರುಹಾಗಿ ಮೆರೆಯಿತು. ಆದರೆ ಇದೇ ದೇಶದಲ್ಲಿ ಬೇರೆ ರೂಢಿಯೂ ಇತ್ತು. 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್‌ರ ಭಾವಚಿತ್ರಗಳಲ್ಲಿ ನಾವು ಕಾಣುವುದು ಪೇಟವನ್ನು. ದರ್ಬಾರಿನಲ್ಲಿ ಪೇಟ ಧರಿಸುವುದು ಆ ಸಂಸ್ಥಾನದ ಮರ್ಯಾದೆ. ಅದರಿಂದ ಅವರ ಮುಸ್ಲಿಮ್ ಅಸ್ಮಿತೆಗೆ ಯಾವ ಕೊರತೆಯೂ ಬರಲಿಲ್ಲ.

ಇಷ್ಟರಲ್ಲಿ ತುರ್ಕಿಯಲ್ಲಿ ಗಾಳಿ ಬದಲಾಗಿತ್ತು. 1924ರ ಮಾರ್ಚ್‌ನಲ್ಲಿ ಖಿಲಾಫತ್ ರದ್ದಾಯಿತು. 1925ರ ಆಗಸ್ಟ್‌ನಲ್ಲಿ ಮುಸ್ತಫಾ ಕಮಾಲ್ ಕಸ್ತಮೋನು ಪಟ್ಟಣಕ್ಕೆ ಯೂರೋಪಿನ ಹ್ಯಾಟು ಹಿಡಿದು ಬಂದು, ಇದೇ ನಾಗರಿಕರ ಉಡುಪೆಂದು ಸಾರಿದರು. ಅದೇ ವರ್ಷದ ನವೆಂಬರ್ 25ರಂದು ಟೋಪಿ ಕಾನೂನು ಅಂಗೀಕಾರವಾಯಿತು. ಜನಪ್ರತಿನಿಧಿಗಳೂ ಸರಕಾರಿ ನೌಕರರೂ ಹ್ಯಾಟನ್ನೇ ಧರಿಸಬೇಕು, ಜನಸಾಮಾನ್ಯರೂ ಅದಕ್ಕೆ ವಿರುದ್ಧವಾದ ರೂಢಿಯನ್ನು ಮುಂದುವರಿಸಬಾರದು ಎಂಬುದು ಅದರ ಸಾರ. ಎರ್ಝುರುಮ್, ಸಿವಾಸ್, ಮರಾಶ್, ರಿಝೆ ಮುಂತಾದೆಡೆ ಜನರು ಪ್ರತಿಭಟಿಸಿದರು. ರಿಝೆಯ ಕರಾವಳಿಗೆ ಯುದ್ಧನೌಕೆಯನ್ನೇ ಕಳುಹಿಸಲಾಯಿತು. ವಿಶೇಷ ನ್ಯಾಯಮಂಡಳಿಗಳು ಮರಣದಂಡನೆಯನ್ನು ವಿಧಿಸಿದವು.

ಇಸ್ಕಿಲಿಪ್‌ನ ಆತಿಫ್ ಹೋಜಾ ಎಂಬ ವಿದ್ವಾಂಸರು 1924ರಲ್ಲಿ, ಅಂದರೆ ಕಾನೂನು ಬರುವುದಕ್ಕೆ ಮೊದಲೇ, ಯೂರೋಪಿನ ಅನುಕರಣೆ ಮತ್ತು ಹ್ಯಾಟಿನ ವಿರುದ್ಧ ಒಂದು ಕಿರುಪುಸ್ತಕ ಬರೆದಿದ್ದರು. ಬರೆದಾಗ ಅಪರಾಧವಲ್ಲದ ಆ ಪುಸ್ತಕವೇ ಅವರಿಗೆ ಮುಳುವಾಯಿತು. 1926ರ ಫೆಬ್ರವರಿ 4ರಂದು ಅಂಕಾರಾದಲ್ಲಿ ಅವರನ್ನು ಗಲ್ಲಿಗೇರಿಸಲಾಯಿತು. ಹ್ಯಾಟಿನ ಕುರಿತು ಅವರ ಅಭಿಪ್ರಾಯವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಅಭಿಪ್ರಾಯಕ್ಕಾಗಿ ಒಬ್ಬ ಆಲಿಮರ ಪ್ರಾಣ ತೆಗೆದ ಆಡಳಿತವು ನಾಗರಿಕತೆಯ ಹೆಸರಿನಲ್ಲಿ ಅನಾಗರಿಕತೆಯನ್ನೇ ಮೆರೆಯಿತೆಂಬುದರಲ್ಲಿ ಸಂಶಯವಿಲ್ಲ. ಜನಸಾಮಾನ್ಯರು ಮಾತ್ರ ತಮ್ಮದೇ ದಾರಿ ಕಂಡುಕೊಂಡರು. ಮುಂಭಾಗದಲ್ಲಿ ಮಾತ್ರ ಅಂಚಿರುವ ಟೋಪಿ ಧರಿಸಿ, ನಮಾಝ್‌ನ ವೇಳೆ ಅದನ್ನು ಹಿಂದುಮುಂದಾಗಿ ತಿರುಗಿಸಿ ಸುಜೂದ್ ಮಾಡಿದರು. ಕಾನೂನು ತಲೆಯನ್ನು ಮುಟ್ಟಿತು, ಹಣೆಯನ್ನು ತಡೆಯಲಾಗಲಿಲ್ಲ.

ಈ ಬಲವಂತವು ತುರ್ಕಿಗೆ ಸೀಮಿತವಾಗಿರಲಿಲ್ಲ. ಅಫ್ಘಾನಿಸ್ತಾನದ ಅರಸ ಅಮಾನುಲ್ಲಾ 1928ರಲ್ಲಿ ಬುಡಕಟ್ಟು ಮುಖಂಡರಿಗೆ ಯೂರೋಪಿನ ಉಡುಪು ತೊಡಿಸಿ ಸಭೆ ನಡೆಸಿದನು. ಇಂತಹ ಸುಧಾರಣೆಗಳ ವಿರುದ್ಧ ಎದ್ದ ದಂಗೆಯಲ್ಲಿ 1929ರ ಜನವರಿಯಲ್ಲಿ ಸಿಂಹಾಸನ ಕಳೆದುಕೊಂಡನು. ಇರಾನಿನಲ್ಲಿ ರೆಝಾ ಶಾ 1935ರಲ್ಲಿ ಅಂಚಿನ ಹ್ಯಾಟನ್ನು ಹೇರಿದಾಗ ಮಶ್‌ಹದ್‌ನ ಗೌಹರ್‌ಶಾದ್ ಮಸೀದಿಯಲ್ಲಿ ಸೇರಿದ ಪ್ರತಿಭಟನಕಾರರ ಮೇಲೆ ಸೈನಿಕರು ಗುಂಡು ಹಾರಿಸಿದರು. 1932ರ ಅಕ್ಟೋಬರ್ 29ರಂದು ಅಂಕಾರಾದ ಗಣರಾಜ್ಯೋತ್ಸವದ ಔತಣಕೂಟಕ್ಕೆ ಈಜಿಪ್ಟಿನ ರಾಯಭಾರಿ ತಮ್ಮ ದೇಶದ ಮರ್ಯಾದೆಯಂತೆ ಫೆಜ್ ಧರಿಸಿ ಬಂದರು. ಅದನ್ನು ತೆಗೆಯುವಂತೆ ಮುಸ್ತಫಾ ಕಮಾಲ್ ಹೇಳಿದ್ದು ಎರಡು ರಾಷ್ಟ್ರಗಳ ನಡುವಿನ ವಿವಾದವಾಯಿತು. ನೂರು ವರ್ಷಗಳ ಹಿಂದೆ ಅದೇ ತುರ್ಕಿಯ ಸುಲ್ತಾನರು ಆಜ್ಞೆ ಹೊರಡಿಸಿ ಧರಿಸಲು ಹೇಳಿದ ಟೋಪಿಯದು!

ಇವೆಲ್ಲದರ ನಡುವೆ ವಿವೇಕದ ಧ್ವನಿಯೊಂದು ಮೊದಲೇ ಕೇಳಿಬಂದಿತ್ತು. 1903ರಲ್ಲಿ ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್‌ನ ಮುಸ್ಲಿಮರ ಪರವಾಗಿ ಈಜಿಪ್ಟಿನ ಮಹಾಮುಫ್ತಿ ಶೈಖ್ ಮುಹಮ್ಮದ್ ಅಬ್ದುಹು(ರಹ್) ಅವರಿಗೆ ಒಂದು ಪ್ರಶ್ನೆ ಬಂತು: ವ್ಯವಹಾರಕ್ಕಾಗಿ ಕೆಲವರು ಯೂರೋಪಿನ ಹ್ಯಾಟು ಧರಿಸುತ್ತಾರೆ, ಇದು ಸರಿಯೇ? ಇಸ್ಲಾಮನ್ನು ತೊರೆದು ಅನ್ಯಧರ್ಮವನ್ನು ಸೇರುವ ಉದ್ದೇಶವಿಲ್ಲದಿದ್ದರೆ ಅದು ಧರ್ಮದಿಂದ ಹೊರಹೋಗುವ ಕೃತ್ಯವಲ್ಲ. ಬಿಸಿಲಿನಿಂದ ರಕ್ಷಣೆಯಂತಹ ಅಗತ್ಯವಿದ್ದರೆ ಆಕ್ಷೇಪಾರ್ಹವೂ ಅಲ್ಲ ಎಂಬುದು ಅವರ ಉತ್ತರವಾಗಿತ್ತು. ಇದಕ್ಕಾಗಿ ಅವರು ಕಟುಟೀಕೆಗೆ ಗುರಿಯಾದರು. ಆದರೆ ಅವರು ಯಾರ ಟೋಪಿಯನ್ನೂ ಕಿತ್ತುಕೊಳ್ಳಲಿಲ್ಲ, ಯಾರ ತಲೆಗೂ ಹ್ಯಾಟು ಹೇರಲಿಲ್ಲ. ಉದ್ದೇಶವನ್ನು ನೋಡಿದರು, ಅಗತ್ಯವನ್ನು ನೋಡಿದರು.

ಇಂದು ಸ್ಥಿತಿ ಏನಾಗಿದೆ? ಎರಡನೇ ಮಹಾಯುದ್ಧದ ನಂತರದ ದಶಕಗಳಲ್ಲಿ ಯೂರೋಪಿನವರೇ ಹ್ಯಾಟು ಧರಿಸುವ ರೂಢಿಯನ್ನು ಬಹುತೇಕ ಕೈಬಿಟ್ಟರು. ತುರ್ಕಿಯ ಈಗಿನ ಸಂವಿಧಾನದ 174ನೇ ವಿಧಿಯು ಟೋಪಿ ಕಾನೂನಿಗೆ ಈಗಲೂ ರಕ್ಷಣೆ ಕೊಡುತ್ತದೆ. ಆದರೆ ಇಸ್ತಾಂಬುಲ್‌ನ ಬೀದಿಗಳಲ್ಲಿ ಜನರು ಬಹುತೇಕ ಬರಿದಲೆಯಲ್ಲಿಯೇ ಓಡಾಡುತ್ತಾರೆ. ಕಾನೂನು ಉಳಿಯಿತು, ಹ್ಯಾಟು ಹೋಯಿತು. ಆ ಹ್ಯಾಟಿಗಾಗಿ ಹೋದ ಪ್ರಾಣಗಳು ಮಾತ್ರ ಮರಳಿ ಬರಲಿಲ್ಲ.

ಈ ಚರಿತ್ರೆಯು ಆಳುವವರಿಗೆ ಮಾತ್ರವಲ್ಲ, ನಮಗೂ ಪಾಠವಾಗಬೇಕು. ನಮ್ಮ ಕರಾವಳಿಯ ಶಾಫಿಈಗಳಾಗಲಿ, ಮೈಸೂರು ಹಾಗೂ ಉತ್ತರದ ಜಿಲ್ಲೆಗಳ ಹನಫಿಗಳಾಗಲಿ, ನಮಾಝ್‌ನಲ್ಲಿ ತಲೆ ಮುಚ್ಚುವುದನ್ನು ಉತ್ತಮವೆಂದೇ ಕಾಣುತ್ತಾರೆ. ಉದಾಸೀನದಿಂದ ಬರಿದಲೆಯಲ್ಲಿ ನಮಾಝ್ ಮಾಡುವುದನ್ನು ಹನಫೀ ವಿದ್ವಾಂಸರು ಅಪ್ರಿಯವೆಂದಿದ್ದಾರೆ. ಆದರೆ ಅಂತಹ ನಮಾಝ್ ಅಸಿಂಧುವೆಂದು ಅವರು ಹೇಳಿಲ್ಲ. ವಿನಮ್ರಭಾವದಿಂದ ತಲೆ ತೆರೆದಿಟ್ಟರೆ ತಪ್ಪಿಲ್ಲವೆಂದೂ ಹೇಳಿದ್ದಾರೆ. ಹೀಗಿರುವಾಗ, ಕೆಲಸದ ನಡುವೆ ಓಡೋಡಿ ಬಂದು ಜಮಾಅತ್ ಸೇರಿದ ಯುವಕನೊಬ್ಬನಿಗೆ ಟೋಪಿ ಇಲ್ಲವೆಂದು ಎಲ್ಲರೆದುರು ಗದರಿಸಿ, ಅವನು ಮತ್ತೆಂದೂ ಮಸೀದಿಯ ಮೆಟ್ಟಿಲು ಹತ್ತದಂತೆ ಮಾಡಿದರೆ ನಾವು ಯಾವ ಸುನ್ನತನ್ನು ಉಳಿಸಿದಂತಾಯಿತು? ಬಾಗಿಲ ಬಳಿ ಬುಟ್ಟಿಯಲ್ಲಿಟ್ಟ ಟೋಪಿಯೊಂದನ್ನು ಮುಗುಳ್ನಗೆಯೊಂದಿಗೆ ಅವನ ಕೈಗಿತ್ತರೆ ಸಾಲದೇ? ಹಾಗೆಯೇ, ಪ್ರವಾದಿಪ್ರೇಮದಿಂದ ಟೋಪಿ ಅಥವಾ ಮುಂಡಾಸು ಧರಿಸಿ ಬಸ್ಸಿನಲ್ಲಿ, ಕಚೇರಿಯಲ್ಲಿ, ಪೇಟೆಯಲ್ಲಿ ಓಡಾಡುವ ಸಹೋದರನನ್ನು ಹಿಂದುಳಿದವನೆಂದು ನಗೆಯಾಡುವ ನಮ್ಮ ವಿದ್ಯಾವಂತರು, ತಮಗರಿವಿಲ್ಲದೆಯೇ ಅಂಕಾರಾದ ಆ ಕಾನೂನಿನ ಪಕ್ಷ ವಹಿಸುತ್ತಿದ್ದಾರೆ.

ಸೂರಃ ಅಲ್ ಅಅ್‌ರಾಫ್‌ನ 26ನೇ ಸೂಕ್ತವು ಉಡುಪನ್ನು ಅಲ್ಲಾಹನ ಅನುಗ್ರಹವೆಂದು ತಿಳಿಸಿ, ತಕ್ವಾದ ಉಡುಪೇ ಅತ್ಯುತ್ತಮವೆಂದು ಸಾರುತ್ತದೆ. ತಲೆಯ ಮೇಲಿನ ಉಡುಪು ಕಾಲಕ್ಕೆ ತಕ್ಕಂತೆ ಬದಲಾಗಿದೆ, ಇನ್ನೂ ಬದಲಾಗಲಿದೆ. ಎದೆಯೊಳಗಿನ ಆ ಉಡುಪು ಬದಲಾಗದಿರಲಿ. ರೂಢಿಯನ್ನು ಗೌರವಿಸುವ, ಆದರೆ ಅದಕ್ಕಾಗಿ ಸಹೋದರನ ಮಾನ ಕಳೆಯದ ವಿವೇಕವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.